ಕುಮಾರರಾಮನ ಕಥೆಯನ್ನು ಹದಿಹರೆಯದವರ ಫ್ಯಾಂಟಸಿ ಮಾಡುವಾಗ ಎಷ್ಟು ಬದಲಾಯಿಸಬಹುದು?

ಹೊಸಮಲೆ:

ಎಲ್ಲರಿಗೂ ನಮಸ್ಕಾರ. ಹದಿಮೂರರಿಂದ ಹದಿನೇಳು ವಯಸ್ಸಿನವರು ಓದುವಂಥ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಮ್ಮ ಗಂಡುಗಲಿ ಕುಮಾರರಾಮನದ್ದು. ನಾನು ಹೈಸ್ಕೂಲ್ ಟೀಚರ್. ನನ್ನ ಕ್ಲಾಸಿನ ಮಕ್ಕಳು ಡ್ರ್ಯಾಗನ್, ಮಂತ್ರದ ಕತ್ತಿ, ಕಳೆದುಹೋದ ರಾಜಕುಮಾರ ಇರುವ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ಬೆಂಚಿನ ಕೆಳಗೆ ಇಟ್ಟುಕೊಂಡು ಓದುತ್ತಾರೆ. ಓದಲಿ, ನನಗೆ ಖುಷಿಯೇ. ಆದರೆ ಅದೇ ಮಕ್ಕಳಿಗೆ ತುಂಗಭದ್ರೆಯ ದಡದಲ್ಲೇ ಇಂಥ ಒಬ್ಬ ರಾಜಕುಮಾರ ಇದ್ದ, ಅವನ ಮೇಲೆ ನೂರಾರು ವರ್ಷ ಹಾಡು ಕಟ್ಟಿದ್ದಾರೆ ಅನ್ನೋದೇ ಗೊತ್ತಿಲ್ಲ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ರಾಮ ಕಂಪಿಲಿಯ ರಾಜ ಕಂಪಿಲರಾಯನ ಮಗ. ಗೆಳೆಯರ ಜೊತೆ ಆಡುವಾಗ ಚೆಂಡು ಹೋಗಿ ಕಿರಿಯ ರಾಣಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ತರೋದಕ್ಕೆ ಇವನು ಒಳಗೆ ಹೋಗುತ್ತಾನೆ. ಅವಳು ಮೋಹಿಸುತ್ತಾಳೆ, ಇವನು ನೀನು ನನ್ನ ತಾಯಿ ಅಂತ ಹೇಳಿ ಹೊರಟುಬಿಡುತ್ತಾನೆ. ಅವಳು ರಾಜನ ಹತ್ತಿರ ಸುಳ್ಳು ದೂರು ಹೇಳುತ್ತಾಳೆ. ರಾಜ ಮಗನನ್ನು ಕರೆದು ಒಂದು ಮಾತೂ ಕೇಳದೆ ತಲೆ ತೆಗೆಯಿರಿ ಅನ್ನುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನೂ ಅವನ ಗೆಳೆಯರನ್ನೂ ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ರಾಜನಿಗೆ ಬೇರೆ ತಲೆಗಳನ್ನು ತೋರಿಸುತ್ತಾನೆ. ಆಮೇಲೆ ದಿಲ್ಲಿಯ ಸೇನೆ ಬಂದಾಗ ಸತ್ತ ಅಂದುಕೊಂಡಿದ್ದ ರಾಮ ಹೊರಗೆ ಬಂದು ಹೋರಾಡುತ್ತಾನೆ, ಗೆಲ್ಲುತ್ತಾನೆ. ಮುಂದಿನ ಯುದ್ಧದಲ್ಲಿ ಸಾಯುತ್ತಾನೆ.

ಮೊದಲ ಮೂರು ಅಧ್ಯಾಯ ಸಲೀಸಾಗಿ ಬಂತು. ರತ್ನಾಜಿ ಬಂದ ಕೂಡಲೇ ಪೆನ್ನು ನಿಂತಿತು. ಕೆಟ್ಟ ಮಲತಾಯಿ, ಸುಳ್ಳು ಹೇಳುವ ಹೆಣ್ಣು, ಇದನ್ನು ಹಾಗೇ ಬರೆದು ಎಂಟನೇ ಕ್ಲಾಸಿನ ಹುಡುಗಿಯರ ಕೈಗೆ ಕೊಡೋದಕ್ಕೆ ನನಗೆ ಮನಸ್ಸಿಲ್ಲ. ಬದಲಾಯಿಸಿದರೆ ಇಡೀ ಕಥೆಯ ಬುಡವೇ ಅಲ್ಲಾಡುತ್ತದೆ. ಇನ್ನೊಂದು ಕಷ್ಟ ದಿಲ್ಲಿಯ ಕಡೆಯವರದ್ದು. ಈಗಿನ ಕಾಲದಲ್ಲಿ ಅವರನ್ನೆಲ್ಲ ಸುಮ್ನೆ ರಾಕ್ಷಸರ ಹಾಗೆ ಬರೆದರೆ ನನ್ನ ಕ್ಲಾಸಿನಲ್ಲೇ ಕೂತಿರುವ ಅರ್ಧ ಮಕ್ಕಳಿಗೆ ನೋವಾಗುತ್ತದೆ. ಮತ್ತೆ ಇವನು ಬರೀ ಕಥೆಯ ನಾಯಕ ಅಲ್ಲ, ಪೂಜೆ ಮಾಡುವವರಿದ್ದಾರೆ. ಎಷ್ಟು ಸ್ವಾತಂತ್ರ್ಯ ತಗೋಬಹುದು? ಬರೆದವರು, ಓದಿದವರು, ಹಾಡು ಕೇಳಿದವರು ಯಾರಿದ್ದರೂ ಹೇಳಿ.

ಹಳೇಪುಟ:

ಮೇಡಂ, ದಿಲ್ಲಿಯ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅಲ್ಲಿ ಇತಿಹಾಸವೇ ನಿಮ್ಮ ಕಷ್ಟ ಬಗೆಹರಿಸುತ್ತದೆ.

ಯುದ್ಧ ಶುರುವಾಗಿದ್ದು ಹೇಗೆ? ಬಹಾವುದ್ದೀನ್ ಗುರ್ಶಾಸ್ಪ್ ಅಂತ ಒಬ್ಬ ಸರದಾರ. ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್‌ನ ಹತ್ತಿರದ ಸಂಬಂಧಿ. ನಮ್ಮ ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ. ಸುಲ್ತಾನನ ವಿರುದ್ಧ ದಂಗೆ ಎದ್ದ, ಸೋತ, ಓಡಿ ಬಂದು ಕಂಪಿಲರಾಯನ ಮೊರೆ ಹೊಕ್ಕ. ಕಂಪಿಲರಾಯ ಅವನನ್ನು ಒಪ್ಪಿಸಲಿಲ್ಲ. 1327ರಲ್ಲಿ ಕಂಪಿಲಿ ಬಿದ್ದದ್ದು ಅದಕ್ಕೇ. ಇನ್ನು ಉಳಿಯೋದಿಲ್ಲ ಅಂತ ಗೊತ್ತಾದಾಗಲೂ ರಾಯ ಆ ಅತಿಥಿಯನ್ನು ಹೊಯ್ಸಳರ ಬಲ್ಲಾಳನ ಹತ್ತಿರ ಕಳಿಸಿಕೊಟ್ಟು, ಅರಮನೆಯ ಹೆಂಗಸರು ಬೆಂಕಿಗೆ ಹಾರಿದ ಮೇಲೆ ತಾನು ಯುದ್ಧಕ್ಕೆ ಹೋಗಿ ಸತ್ತ. ಒಬ್ಬ ಹಿಂದೂ ರಾಜ ತನ್ನ ಮನೆಗೆ ಬಂದ ಒಬ್ಬ ಮುಸ್ಲಿಂ ಸರದಾರನಿಗಾಗಿ ರಾಜ್ಯವನ್ನೇ ಕಳೆದುಕೊಂಡ. ನಿಮ್ಮ ಕ್ಲಾಸಿನ ಎಲ್ಲ ಮಕ್ಕಳಿಗೂ ಇದನ್ನು ಧೈರ್ಯವಾಗಿ ಹೇಳಬಹುದು, ಅಲ್ವಾ?

ಇದರಲ್ಲಿ ಹೆಚ್ಚಿನದನ್ನು ಬರೆದಿಟ್ಟವನು ಆ ಕಾಲದ ಪ್ರವಾಸಿ ಇಬ್ನ್ ಬತೂತ. ಅವನ ಬರಹದಲ್ಲಿ ನಿಮಗೆ ಬೇಕಾದ ಇನ್ನೊಂದು ಚಿನ್ನದಂಥ ವಿಷಯ ಇದೆ. ಕಂಪಿಲರಾಯನ ಹನ್ನೊಂದು ಮಕ್ಕಳು ಸೆರೆಸಿಕ್ಕರು, ಅವರನ್ನು ದಿಲ್ಲಿಗೆ ಕರೆದೊಯ್ದು ಮತಾಂತರ ಮಾಡಿ ಆಸ್ಥಾನದಲ್ಲಿ ಸ್ಥಾನ ಕೊಟ್ಟರು ಅಂತ ಅವನು ಹೇಳುತ್ತಾನೆ. ಅವರಲ್ಲಿ ಮೂವರನ್ನು ಅವನು ಸ್ವತಃ ನೋಡಿದ್ದ. ಒಬ್ಬನಿಗೆ ಅಬು ಮುಸ್ಲಿಂ ಅಂತ ಹೆಸರು. ಅವನ ಕೆಲಸ ಸುಲ್ತಾನ ಕುಡಿಯುವ ನೀರಿಗೆ ಒತ್ತುವ ಮುದ್ರೆ ಕಾಯುವುದು. ಇಬ್ನ್ ಬತೂತನಿಗೆ ಅವನು ಒಳ್ಳೆಯ ಗೆಳೆಯನಾಗಿದ್ದ.

ಒಂದು ಸಲ ಯೋಚನೆ ಮಾಡಿ. ಅಪ್ಪನನ್ನು ಕೊಂದವನು ಪ್ರತಿದಿನ ಕುಡಿಯುವ ನೀರು ಈ ಹುಡುಗನ ಕೈಯಲ್ಲಿದೆ. ಕೊಡದ ಮೇಲೆ ಮೇಣ ಬೀಳುತ್ತದೆ, ಮುದ್ರೆ ಒತ್ತುವವನು ಇವನು. ಅವನು ಏನೂ ಮಾಡಲಿಲ್ಲ. ಯಾಕೆ ಮಾಡಲಿಲ್ಲ? ಹದಿನೈದು ವರ್ಷದವರಿಗೆ ಇದಕ್ಕಿಂತ ಬಿಗಿಯಾದ ಕಥೆ ಎಲ್ಲಿ ಸಿಗುತ್ತದೆ? ಮೇಣ ನನ್ನ ಕಲ್ಪನೆ, ಉಳಿದದ್ದು ಅವನು ಬರೆದದ್ದೇ.

ಇನ್ನು ಸ್ವಾತಂತ್ರ್ಯದ ಮಾತು. ಇಬ್ನ್ ಬತೂತ ಹೇಳುವ ಕಂಪಿಲಿಯಲ್ಲಿ ಕುಮಾರರಾಮನ ಹೆಸರಿಲ್ಲ, ರತ್ನಾಜಿ ಇಲ್ಲ. ನಂಜುಂಡ ಕವಿ ಸಾಂಗತ್ಯದಲ್ಲಿ ರಾಮನ ಕಥೆ ಬರೆದದ್ದು 16ನೇ ಶತಮಾನದಲ್ಲಿ. ಅಂದರೆ ಕಂಪಿಲಿ ಬಿದ್ದು ಸುಮಾರು ಇನ್ನೂರು ವರ್ಷ ಆದಮೇಲೆ. ಅವನ ಹಿಂದೆ ಮುಂದೆ ಬೇರೆ ಕವಿಗಳು ಬರೆದಿದ್ದಾರೆ, ಹಳ್ಳಿಗಳಲ್ಲಿ ಹಾಡಿದ್ದಾರೆ, ಒಬ್ಬೊಬ್ಬರೂ ಒಂದೊಂದು ಸೇರಿಸಿದ್ದಾರೆ. ಸುಲ್ತಾನನ ಮಗಳು ಬಾಬಮ್ಮ ರಾಮನ ಮೇಲೆ ಮನಸ್ಸಿಡುವುದು ಬಂದದ್ದೂ ಹಾಗೇ. ಈ ಕಥೆ ಸೇರಿಸಿ ಸೇರಿಸಿಯೇ ಬೆಳೆದದ್ದು. ನೀವೂ ಅದೇ ಸಾಲಿನಲ್ಲಿ ಇದ್ದೀರಿ. ಹೆದರಬೇಡಿ.

ದೂರದೂರು:

ನಾನಿರುವುದು ಇಂಗ್ಲೆಂಡಿನ ಹ್ಯಾಂಪ್‌ಷೈರ್‌ನಲ್ಲಿ. ಹಳೇಪುಟ ಅವರ ಕೊನೆಯ ಮಾತು ಓದಿ ಬರೆಯಲೇಬೇಕು ಅನಿಸಿತು. ಇಲ್ಲಿನವರು ಆರ್ಥರ್ ರಾಜನ ಕಥೆಯ ಜೊತೆ ಮಾಡಿದ್ದೂ ಇದನ್ನೇ. ನಿಮ್ಮ ಮಕ್ಕಳು ಬೆಂಚಿನ ಕೆಳಗೆ ಓದುವ ಪುಸ್ತಕಗಳಲ್ಲಿ ಅರ್ಧದಷ್ಟಕ್ಕೆ ಅಜ್ಜ ಆರ್ಥರನೇ.

ವಿಂಚೆಸ್ಟರ್‌ನ ಹಳೆಯ ಸಭಾಭವನದ ಗೋಡೆ ಮೇಲೆ ಆರ್ಥರ್ ತನ್ನ ವೀರರ ಜೊತೆ ಕೂರುತ್ತಿದ್ದ ಅಂತ ಹೇಳುವ ದುಂಡು ಮೇಜಿನ ಹಲಗೆ ನೇತುಹಾಕಿದ್ದಾರೆ. ಓಕ್ ಮರದ್ದು, ಹದಿನೆಂಟು ಅಡಿ ಅಗಲ, ಇಪ್ಪತ್ನಾಲ್ಕು ವೀರರ ಹೆಸರು ಸುತ್ತಲೂ ಬರೆದಿದೆ. ಆರ್ಥರ್ ಬದುಕಿದ್ದ ಅಂತ ಹೇಳುವ ಕಾಲಕ್ಕೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಮರ 13ನೇ ಶತಮಾನದ ಕೊನೆಯದು, ಬಣ್ಣ ಎಂಟನೇ ಹೆನ್ರಿಯ ಕಾಲದ್ದು, ಅಲ್ಲಿ ಕೂತಿರುವ ಆರ್ಥರನಿಗೆ ಹೆನ್ರಿಯ ಮುಖವನ್ನೇ ಬರೆಸಿದ್ದಾರೆ. ಕಥೆಯೂ ಹಾಗೆಯೇ ಬೆಳೆದದ್ದು. 1130ರ ದಶಕದಲ್ಲಿ ಮನ್ಮತ್‌ನ ಜೆಫ್ರಿ ಬರೆದಾಗ ಆರ್ಥರ್ ಹದಿನೈದಕ್ಕೆ ಪಟ್ಟಕ್ಕೆ ಬರುತ್ತಾನೆ, ಆದರೆ ದುಂಡು ಮೇಜಿಲ್ಲ, ವೀರ ಲಾನ್ಸೆಲಾಟ್ ಇಲ್ಲ, ಕಲ್ಲಿನಿಂದ ಕತ್ತಿ ಎಳೆಯುವುದೂ ಇಲ್ಲ. ಮೇಜು 1155ರಲ್ಲಿ ವಾಸ್ ಎಂಬ ಕವಿ ತಂದದ್ದು. ಉಳಿದದ್ದನ್ನು ಫ್ರೆಂಚ್ ಕವಿಗಳು ಸೇರಿಸಿದರು. ಇಂಗ್ಲಿಷ್ ಲೇಖಕ ಮ್ಯಾಲರಿ ಅದನ್ನೆಲ್ಲ ಒಟ್ಟು ಮಾಡಿದ್ದು 1485ರಲ್ಲಿ ಅಚ್ಚಾಯಿತು.

ನಿಮಗೆ ನಾನು ಹೇಳಬೇಕಾದದ್ದು ಬೇರೆ. ಮ್ಯಾಲರಿಯಲ್ಲಿ ಒಂದು ಭಾಗ ಇದೆ, ಮಕ್ಕಳ ಪುಸ್ತಕ ಮಾಡುವವರು ಹೆಚ್ಚಾಗಿ ಬಿಟ್ಟುಬಿಡುತ್ತಿದ್ದರು. ಮೇ ತಿಂಗಳ ಮೊದಲ ದಿನ ಹುಟ್ಟಿದ ಮಗು ನಿನ್ನನ್ನು ನಾಶ ಮಾಡುತ್ತದೆ ಅಂತ ಮಂತ್ರವಾದಿ ಮರ್ಲಿನ್ ಆರ್ಥರನಿಗೆ ಹೇಳುತ್ತಾನೆ. ಆರ್ಥರ್ ಆ ದಿನ ಹುಟ್ಟಿದ ಕೂಸುಗಳನ್ನೆಲ್ಲ ತರಿಸಿ ಹಡಗಿಗೆ ಹಾಕಿ ಸಮುದ್ರಕ್ಕೆ ಬಿಡಿಸುತ್ತಾನೆ. ಹಡಗು ಒಡೆಯುತ್ತದೆ. ಮರ್ಲಿನ್ ಹೇಳಿದ ಆ ಮಗು ಮಾರ್ಡ್ರೆಡ್ ಬದುಕುತ್ತಾನೆ, ಯಾರೋ ಒಬ್ಬ ಒಳ್ಳೆಯವನು ಎತ್ತಿಕೊಂಡು ಹದಿನಾಲ್ಕು ವರ್ಷ ಸಾಕಿ ಆಸ್ಥಾನಕ್ಕೆ ತಂದು ಬಿಡುತ್ತಾನೆ. ನಮ್ಮ ಕಂಸ ಮಾಡಿದ್ದನ್ನು ಇಲ್ಲಿ ಕಥೆಯ ನಾಯಕನೇ ಮಾಡುತ್ತಾನೆ! ಈಗ ಹದಿಹರೆಯದವರಿಗೆ ಆರ್ಥರನ ಕಥೆ ಚೆನ್ನಾಗಿ ಬರೆಯುವವರು ಇಂಥ ಜಾಗದಲ್ಲೇ ಒಳಗೆ ನುಗ್ಗುತ್ತಾರೆ. ಒಳ್ಳೆಯ ರಾಜ ಇಂಥದ್ದನ್ನು ಮಾಡಿದ, ಕಥೆ ಅದನ್ನು ಎರಡು ಸಾಲಿನಲ್ಲಿ ದಾಟಿಹೋಯಿತು, ಆ ತಾಯಂದಿರಿಗೆ ಏನಾಯಿತು ಅಂತ ಕೇಳುತ್ತಾರೆ.

ನಿಮ್ಮ ಕಥೆಯಲ್ಲೂ ಅಂಥ ಜಾಗ ಇದೆ, ನೀವೇ ಬರೆದಿದ್ದೀರಿ. "ಬೇರೆ ತಲೆಗಳನ್ನು ತೋರಿಸುತ್ತಾನೆ." ಆ ತಲೆಗಳು ಯಾರವು? ರಾಮ ಮತ್ತು ಗೆಳೆಯರು ನೆಲದಡಿಯಲ್ಲಿ ಉಸಿರಾಡಿಕೊಂಡಿರಲು ಮೇಲೆ ಯಾರೋ ಸತ್ತಿದ್ದಾರೆ. ಅವರ ಮನೆಯಲ್ಲಿ ಒಬ್ಬ ತಂಗಿ ಇದ್ದರೆ? ಅವಳಿಗೆ ಸತ್ಯ ಗೊತ್ತಾದರೆ? ಬೈಚಪ್ಪ ಒಳ್ಳೆಯವನೇ. ಒಳ್ಳೆಯವನು ಮಾಡಿದ ಈ ಕೆಲಸಕ್ಕೆ ರಾಮ ಏನು ಉತ್ತರ ಕೊಡುತ್ತಾನೆ ಅನ್ನೋದರ ಮೇಲೆ ಇಡೀ ಪುಸ್ತಕ ನಿಲ್ಲಬಹುದು.

ರತ್ನಾಜಿಯ ಬಗ್ಗೆ ಒಂದು ಮಾತು. 13ನೇ ಶತಮಾನದ ಒಂದು ಫ್ರೆಂಚ್ ಕಾವ್ಯ ಇದೆ, ಸೈಲೆನ್ಸ್ ಎಂಬ ಹುಡುಗಿಯದ್ದು. ಹೆಣ್ಣುಮಕ್ಕಳಿಗೆ ಆಸ್ತಿ ಇಲ್ಲ ಅಂತ ಇಂಗ್ಲೆಂಡಿನ ರಾಜ ಕಾನೂನು ಮಾಡುತ್ತಾನೆ, ಅದಕ್ಕೆ ಅಪ್ಪ ಅಮ್ಮ ಮಗಳನ್ನು ಗಂಡು ಅಂತ ಬೆಳೆಸುತ್ತಾರೆ, ಅವಳು ದೊಡ್ಡ ವೀರಳಾಗುತ್ತಾಳೆ. ರಾಣಿ ಇವಳನ್ನು ಹುಡುಗ ಅಂದುಕೊಂಡು ಮೋಹಿಸಿ, ಒಪ್ಪದಿದ್ದಾಗ ರಾಜನ ಹತ್ತಿರ ಸುಳ್ಳು ದೂರು ಹೇಳುತ್ತಾಳೆ. ರತ್ನಾಜಿಯ ಕಥೆಯೇ! ಏಳು ಸಮುದ್ರದಾಚೆ ಅದೇ ಸನ್ನಿವೇಶ. ಇರುವುದೊಂದೇ ಹಸ್ತಪ್ರತಿ, ಅದು ನಾಟಿಂಗ್‌ಹ್ಯಾಮ್‌ನ ಒಂದು ದೊಡ್ಡ ಮನೆಯಲ್ಲಿ 1911ರಲ್ಲಿ ಸಿಕ್ಕಿತು. ಕೊನೆಗೆ ರಾಜ ರಾಣಿಯನ್ನು ಕೊಲ್ಲಿಸಿ ಸೈಲೆನ್ಸ್‌ಳನ್ನೇ ಮದುವೆಯಾಗುತ್ತಾನೆ. ಓದಿ ಮುಗಿಸಿದಾಗ ನನಗೆ ಆ ರಾಣಿಗಿಂತ ರಾಜನ ಮೇಲೆ ಜಾಸ್ತಿ ಸಿಟ್ಟು ಬಂತು. ಮಗನನ್ನು ಒಂದು ಮಾತು ಕೇಳದ ಕಂಪಿಲರಾಯನ ಮೇಲೂ ಅಷ್ಟೇ ಸಿಟ್ಟು ಬರಬೇಕಲ್ಲ?

ಕೋಟೆಗಲ್ಲು:

ನಾನು ಗಂಗಾವತಿ ಕಡೆಯವನು. ಮೇಲಿನ ಇಬ್ಬರ ಮಾತೂ ಸರಿ, ಆದರೆ ಒಂದು ವಿಷಯಕ್ಕೆ ಗಟ್ಟಿಯಾಗಿ ಬೇಡ ಅನ್ನುತ್ತೇನೆ. ರತ್ನಾಜಿಯನ್ನು ಪೂರ್ತಿ ನಿರಪರಾಧಿ ಮಾಡಬೇಡಿ ಮೇಡಂ. ಇತ್ತೀಚೆಗೆ ಹಳೆಯ ಕಥೆ ತಿರುಗಿಸಿ ಬರೆಯುವವರು ಎಲ್ಲರೂ ಅದನ್ನೇ ಮಾಡುತ್ತಾರೆ, ಕೆಟ್ಟವರನ್ನು ಒಳ್ಳೆಯವರನ್ನಾಗಿ ಮಾಡಿಬಿಡುತ್ತಾರೆ. ಅವಳು ಸುಳ್ಳು ಹೇಳಿದ್ದು ಸುಳ್ಳೇ. ಅದರಿಂದ ಜನ ಸತ್ತರು. ಅದನ್ನು ತೆಗೆದರೆ ರಾಮ ಬೇಡ ಅಂದದ್ದಕ್ಕೆ ತೂಕವೇ ಇರುವುದಿಲ್ಲ. ಪರನಾರಿ ಸಹೋದರ ಅಂತ ಜನ ಅವನನ್ನು ಕರೆಯುವುದು ಆ ಒಂದು ಗಳಿಗೆಗಾಗಿ. ನಮ್ಮಲ್ಲಿ ಮರದಲ್ಲಿ ಕೆತ್ತಿದ ರಾಮನ ತಲೆ ಇಟ್ಟು ಪೂಜೆ ಮಾಡುವವರಿದ್ದಾರೆ. ಅವರು ಪೂಜೆ ಮಾಡುವುದು ಅವನ ಯುದ್ಧಕ್ಕಷ್ಟೇ ಅಲ್ಲ. ಬೇರೆ ಏನು ಬೇಕಾದರೂ ಬದಲಾಯಿಸಿ, ಅದೊಂದನ್ನು ಮುಟ್ಟಬೇಡಿ.

ಆದರೆ ಹಾಡಿನಲ್ಲೇ ಇರುವ ಒಂದು ಸಂಗತಿ ನೀವು ಬಿಟ್ಟಿದ್ದೀರಿ. ರತ್ನಾಜಿ ಮೊದಲು ರಾಮನಿಗೆ ಅಂತಲೇ ನೋಡಿದ ಹುಡುಗಿ. ಕಂಪಿಲರಾಯ ನೋಡಿ ತಾನೇ ಮದುವೆಯಾದ. ಅವಳಿಗೆ ಎಷ್ಟು ವಯಸ್ಸಿರಬೇಕು ಆಗ? ನಿಮ್ಮ ಕ್ಲಾಸಿನಲ್ಲಿ ಕೂತಿರುವವರಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಮಗನ ಹೆಂಡತಿ ಆಗ್ತೀನಿ ಅಂತ ಬಂದವಳನ್ನು ಅಪ್ಪನ ಪಕ್ಕ ಕೂರಿಸಿದರು. ಮಲತಾಯಿ ಅನ್ನೋದು ಆಮೇಲೆ ಕೊಟ್ಟ ಸಂಬಂಧ. ಇಷ್ಟನ್ನು ಇದ್ದ ಹಾಗೇ ಬರೆದರೆ ಸಾಕು. ಅವಳಿಗೆ ಅನ್ಯಾಯ ಆಯಿತು, ಅವಳೂ ಅನ್ಯಾಯ ಮಾಡಿದಳು. ಎರಡೂ ನಿಜ. ಹದಿನಾಲ್ಕು ವರ್ಷದವರಿಗೆ ಇದು ಅರ್ಥ ಆಗಲ್ಲ ಅಂತ ಅಂದುಕೊಳ್ಳಬೇಡಿ, ಅವರಿಗೆ ನಮಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಮಾಂತ್ರಿಕ ವಿಷಯಕ್ಕೆ ಬರೋಣ. ದಯವಿಟ್ಟು ಡ್ರ್ಯಾಗನ್ ತರಬೇಡಿ. ಇಲ್ಲಿ ಏನಿದೆ ಅಂತ ನೋಡಿ. ಕಂಪಿಲರಾಯನ ಕೋಟೆ ಕುಮ್ಮಟದುರ್ಗದ ಸುತ್ತ ಒಂದರ ಮೇಲೊಂದು ಕೂತ ಬಂಡೆಗಳು, ನಡುವೆ ಮನುಷ್ಯ ತೆವಳಿಕೊಂಡು ಹೋಗುವಷ್ಟು ಸಂದು. ಮಧ್ಯಾಹ್ನ ಕಾದ ಕಲ್ಲು ಸಂಜೆ ಮೇಲೂ ಬಿಸಿ ಬಿಡುತ್ತಿರುತ್ತದೆ, ಸಂದಿನೊಳಗೆ ಕೈ ಹಾಕಿದರೆ ಮಾತ್ರ ತಂಪು. ಹೊಳೆ ದಾಟಿ ದರೋಜಿಯ ಕಡೆ ಹೋದರೆ ಇವತ್ತಿಗೂ ಕರಡಿಗಳಿವೆ. ಹೊಳೆಯಲ್ಲಿ ಹರಿಗೋಲು. ಗೆಳೆಯರು ನೆಲದಡಿಯಲ್ಲಿ ಇರುವಾಗ ಮೇಲೆ ಊರೆಲ್ಲ ಅವರ ತಿಥಿ ಮಾಡುತ್ತಿದೆ. ಲೋಕಕ್ಕೆ ಅವರು ಸತ್ತವರು. ಸತ್ತವರ ಲೋಕದಲ್ಲಿ ಬದುಕಿರುವವರು ಏನೇನು ನೋಡಬಹುದು, ಯಾರ ಜೊತೆ ಮಾತಾಡಬಹುದು! ನಿಮ್ಮ ಫ್ಯಾಂಟಸಿಗೆ ಬಾಗಿಲು ಅಲ್ಲೇ ಇದೆ. ರಾಮನ ಕುದುರೆ ಬೊಲ್ಲ ಇದ್ದೇ ಇದೆ. ಸವಾರ ಸತ್ತಿಲ್ಲ ಅಂತ ಆ ಕುದುರೆಗೆ ಒಂದಕ್ಕೇ ಗೊತ್ತಿದ್ದರೆ?

ಓದುಕೋಣೆ:

ನಾನು ನಮ್ಮ ಬಡಾವಣೆಯಲ್ಲಿ ಮಕ್ಕಳಿಗೆ ಓದುವ ಗುಂಪು ನಡೆಸುತ್ತೇನೆ. ಎಲ್ಲರೂ ಕಥೆಯ ಬಗ್ಗೆ ಹೇಳಿದ್ದಾರೆ, ನಾನು ಓದುವ ಮಕ್ಕಳ ಬಗ್ಗೆ ಹೇಳುತ್ತೇನೆ.

ಕನ್ನಡದಲ್ಲಿ ಚಿಕ್ಕ ಮಕ್ಕಳಿಗೆ ಕಥೆಗಳಿವೆ, ದೊಡ್ಡವರಿಗೆ ದೊಡ್ಡ ಕಾದಂಬರಿಗಳಿವೆ. ನಡುವೆ ಇರುವವರಿಗೆ ಬಹಳ ಕಡಿಮೆ. ಹನ್ನೆರಡು ದಾಟಿದ ಮೇಲೆ ಮಕ್ಕಳು ಕನ್ನಡ ಪುಸ್ತಕ ಬಿಡುವುದು ಭಾಷೆ ಕಷ್ಟ ಅಂತ ಮಾತ್ರ ಅಲ್ಲ, ತಮ್ಮ ವಯಸ್ಸಿನವರು ಅಲ್ಲಿ ಕಾಣಿಸುವುದಿಲ್ಲ ಅಂತ. ಹಾಗಾಗಿ ರಾಮನನ್ನು ಮೊದಲ ಪುಟದಲ್ಲೇ ಗಂಡುಗಲಿ ಮಾಡಬೇಡಿ. ಮೊದಲ ಪುಟದಲ್ಲಿ ಅವನು ಚೆಂಡು ಕಳೆದುಕೊಂಡ ಹುಡುಗ. ತರಬೇಕೋ ಬಿಡಬೇಕೋ ಅಂತ ಗೋಡೆ ಪಕ್ಕ ನಿಂತಿದ್ದಾನೆ, ಗೆಳೆಯರು ಹೋಗೋ ಹೋಗೋ ಅಂತ ದೂಡುತ್ತಿದ್ದಾರೆ. ಅಷ್ಟರಿಂದ ಶುರು ಮಾಡಿ.

ರಾಜರ ಕಥೆ ಅಂದ ಕೂಡಲೇ ನಮ್ಮಲ್ಲಿ ಎಲ್ಲರೂ ನಾಟಕದ ಮಾತಿಗೆ ಇಳಿದುಬಿಡುತ್ತಾರೆ. "ಎಲೈ ಮಂತ್ರಿಯೇ" ಬಂದರೆ ನನ್ನ ಗುಂಪಿನ ಮಕ್ಕಳು ಪುಸ್ತಕ ಮುಚ್ಚುತ್ತಾರೆ, ನಾನೇ ನೋಡಿದ್ದೇನೆ. ಹಾಗಂತ ಬೆಂಗಳೂರಿನ ಕಾಲೇಜು ಹುಡುಗರ ಹಾಗೆ ಮಾತಾಡಿಸಿದರೂ ಸರಿ ಬರುವುದಿಲ್ಲ. ನಿಮ್ಮ ಬಳ್ಳಾರಿ ಕೊಪ್ಪಳ ಕಡೆ ಮಾತು ಇದೆಯಲ್ಲ, ಅದನ್ನು ಗೆಳೆಯರ ಬಾಯಲ್ಲಿ ಹಾಕಿ. ಅರಮನೆಯೊಳಗೆ ಸ್ವಲ್ಪ ಬಿಗಿ, ಆಟದ ಬಯಲಿನಲ್ಲಿ ಊರ ಮಾತು. ಹೆಸರುಗಳನ್ನು ಒಂದೇ ಅಧ್ಯಾಯದಲ್ಲಿ ಸುರಿಯಬೇಡಿ. ಹಾಡಿನ ಸಾಲು ಬೇಕಾದರೆ ಎರಡು ಸಾಲು ಸಾಕು, ಸಾಂಗತ್ಯ ಹಾಡೋಕೆ ಇರುವುದು, ಗಟ್ಟಿಯಾಗಿ ಓದಿಸಿ ನೋಡಿ, ಮಕ್ಕಳ ನಾಲಿಗೆ ಎಲ್ಲಿ ತಡವರಿಸುತ್ತೋ ಅಲ್ಲಿ ಕಡಿಮೆ ಮಾಡಿ.

ಚೆಂಡಿನ ಕೋಣೆಯ ದೃಶ್ಯದ ಬಗ್ಗೆ ಹೆದರಬೇಡಿ. ಏನು ನಡೆಯಿತು ಅಂತ ಎಲ್ಲವನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಅವನು ಬಾಗಿಲ ಹತ್ತಿರಕ್ಕೆ ಹಿಂದೆ ಸರಿಯುತ್ತಾನೆ, ಬೇಡ ಅನ್ನುತ್ತಾನೆ, ಹೊರಟುಹೋಗುತ್ತಾನೆ. ಬೇಡ ಅನ್ನುವ ಹಕ್ಕು ಹುಡುಗರಿಗೂ ಇದೆ ಅಂತ ಹೇಳುವ ಪುಸ್ತಕ ನಮ್ಮಲ್ಲಿ ಎಷ್ಟಿವೆ? ಈ ಹಳೆಯ ಕಥೆ ಅದನ್ನು ಹೇಳುತ್ತಿದೆ, ನೀವು ಅದನ್ನು ಅಂಜದೆ ಬರೆಯಿರಿ.

ಹೊಸಮಲೆ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆಯಿಂದ ಇವನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ.

ಈಗ ಹೀಗೆ ಯೋಚಿಸಿದ್ದೇನೆ. ಕಥೆಯನ್ನು ಇಬ್ಬರು ಹೇಳುತ್ತಾರೆ. ಒಬ್ಬಳು, ದೂರದೂರು ಅವರು ಹೇಳಿದ ಆ ತಂಗಿ. ರಾಮನ ಬದಲು ಸತ್ತವನ ತಂಗಿ. ಅವಳು ಅಣ್ಣನ ಹೆಣ ಹುಡುಕಿಕೊಂಡು ಬಂಡೆಯ ಸಂದಿನಲ್ಲಿ ಇಳಿಯುತ್ತಾಳೆ, ಅಲ್ಲಿ ಬದುಕಿರುವ ರಾಜಕುಮಾರ ಸಿಗುತ್ತಾನೆ. ಇನ್ನೊಬ್ಬ, ಎಷ್ಟೋ ವರ್ಷಗಳ ಮೇಲೆ ದಿಲ್ಲಿಯಲ್ಲಿ ನೀರಿನ ಮುದ್ರೆ ಕಾಯುವ ರಾಮನ ತಮ್ಮ. ಅವನು ಒಬ್ಬ ಪ್ರವಾಸಿ ಗೆಳೆಯನಿಗೆ ತನ್ನ ಊರಿನ ಕಥೆ ಹೇಳುತ್ತಿದ್ದಾನೆ. ಗುರ್ಶಾಸ್ಪ್‌ನಿಗೂ ಒಂದು ಪೂರ್ತಿ ಅಧ್ಯಾಯ ಕೊಡುತ್ತೇನೆ. ರತ್ನಾಜಿಯ ವಿಷಯದಲ್ಲಿ ಕೋಟೆಗಲ್ಲು ಅವರ ಮಾತು ಒಪ್ಪಿದೆ, ಅವಳ ತಪ್ಪು ಅವಳದ್ದೇ ಆಗಿರುತ್ತದೆ. ಮದುವೆಯ ದಿನವನ್ನೂ ಬರೆಯುತ್ತೇನೆ, ಅವಳು ಯಾರನ್ನು ನೋಡುತ್ತೇನೆ ಅಂತ ತಲೆ ಎತ್ತಿದಳು, ಯಾರು ಕಂಡರು ಅನ್ನೋದನ್ನು.

ಒಂದೇ ಪ್ರಶ್ನೆ ಉಳಿದಿದೆ. ಕೊನೆಯ ಯುದ್ಧಕ್ಕೆ ದಿಲ್ಲಿಯ ಸೇನೆಯ ಮುಂದೆ ಬರುವವಳು ಮಾತಂಗಿ, ಹೆಂಗಸು. ರಾಮ ಸೋಲುವುದು ಅವಳ ಕೈಯಲ್ಲಿ. ಅವಳನ್ನು ಏನು ಮಾಡಲಿ?

ಹಳೇಪುಟ:

ಅವಳಿಗೆ ಕಾರಣ ಕೊಡಿ ಮೇಡಂ. ಹಾಡುಗಳಲ್ಲಿ ಅವಳು ಬರುತ್ತಾಳೆ, ಗೆಲ್ಲುತ್ತಾಳೆ, ತಲೆ ತೆಗೆದುಕೊಂಡು ಹೋಗುತ್ತಾಳೆ. ಹೆಣ್ಣೊಬ್ಬಳನ್ನು ಸೇನಾಪತಿ ಮಾಡುವಷ್ಟು ಧೈರ್ಯ ಆ ಹಾಡುಗಾರರಿಗಿತ್ತು. ನೀವು ಅವಳ ಕೈಯಿಂದ ಕತ್ತಿ ಕಿತ್ತುಕೊಳ್ಳಬೇಡಿ, ಕೊನೆ ಗಳಿಗೆಯಲ್ಲಿ ಅವಳನ್ನು ರಾಮನ ಕಡೆಗೆ ತಿರುಗಿಸಲೂ ಬೇಡಿ. ನಿಮ್ಮ ತಂಗಿ ಪಾತ್ರ ಇದೆಯಲ್ಲ, ಅವಳು ಮಾತಂಗಿಯ ಪಾಳೆಯಕ್ಕೆ ಒಮ್ಮೆ ಹೋಗಲಿ. ಅಣ್ಣನನ್ನು ಕಳೆದುಕೊಂಡವಳಿಗೆ ಕಂಪಿಲಿಯ ಕಡೆ ನಿಲ್ಲೋದಕ್ಕೆ ಏನು ಕಾರಣ ಅಂತ ಮಾತಂಗಿ ಕೇಳಲಿ. ಹುಡುಗಿ ಏನು ಉತ್ತರ ಕೊಡುತ್ತಾಳೆ ಅಂತ ಮೊದಲು ಬರೆದುಕೊಳ್ಳಿ, ಯುದ್ಧದ ಅಧ್ಯಾಯ ಆಮೇಲೆ ಬರೆಯಿರಿ.

ದೂರದೂರು:

ಒಪ್ಪಿದೆ. ಮತ್ತೆ ಮೊದಲ ಕರಡು ಆದಮೇಲೆ ಇಲ್ಲಿ ಒಂದು ಅಧ್ಯಾಯ ಹಾಕಿ. ನನ್ನ ಮಗಳಿಗೆ ಹದಿನಾಲ್ಕು, ಕನ್ನಡ ನಿಧಾನಕ್ಕೆ ಓದುತ್ತಾಳೆ. ಅವಳ ಹತ್ತಿರ ಗಟ್ಟಿಯಾಗಿ ಓದಿಸಿ ಎಲ್ಲಿ ನಿಂತಳು, ಎಲ್ಲಿ ಮುಂದೆ ಏನು ಅಂತ ಕೇಳಿದಳು ಅನ್ನೋದನ್ನು ಬರೆದು ಕಳಿಸುತ್ತೇನೆ.